ಆರು ಅರ್ಜಿ, ಒಂದು ಫೋನ್

ಜೂನ್ 9, ಸೋಮವಾರ
ಬೆಳಿಗ್ಗೆಯಿಂದ ಅದೇ ಕೆಲಸ. ಮನಸ್ಸಿನ ಬೇಸರಕ್ಕೆ ಮೊಬೈಲ್ ಆ್ಯಪ್ ಉಪಯೋಗವಾಗುತ್ತದೆಯೇ ಎಂಬ ನಮ್ಮ ಸ್ಟಡಿಗೆ ಸೇರಲು ಬಂದ ಅರ್ಜಿಗಳನ್ನು ಸೋಸುವುದು. ಸೇರಿದವರಿಗೆ ಕೊಡುವ ಗಿಫ್ಟ್ ವೋಚರ್ ಆಸೆಗೆ ಸುಳ್ಳು ಹೆಸರಿನಲ್ಲಿ ತುಂಬುವವರೇ ಜಾಸ್ತಿ. ಇವತ್ತು ಒಂದೇ ಫೋನಿನಿಂದ ಆರು, ವಿಳಾಸವೂ ಎಲ್ಲಕ್ಕೂ ಒಂದೇ ಕಡೆ, ತ್ರಿಪ್ಲಿಕೇನ್. ನಕಲಿ ಎಂದು ಅಳಿಸಿದೆ. ‘ನೀವು ಅರ್ಹರಲ್ಲ’ ಮೆಸೇಜ್ ತಾನಾಗಿಯೇ ಹೋಯಿತು. ಗುಡ್ ಕ್ಯಾಚ್ ಎಂದರು ಬಾಸ್ ಮಧುಸೂದನ್ ಸರ್.

ಜೂನ್ 12, ಗುರುವಾರ, ಮಧ್ಯಾಹ್ನ
ತ್ರಿಪ್ಲಿಕೇನಿಗೆ ಹೋಗುವ ಆಟೊದಲ್ಲಿ ಕೂತು ಬರೆಯುತ್ತಿದ್ದೇನೆ. ಟ್ರಾಫಿಕ್.
ಆಫೀಸಿಗೆ ಫೋನ್ ಬಂತು. ತ್ರಿಪ್ಲಿಕೇನಿನ ಹೋಟೆಲ್ ಮಾಲೀಕರು ಕೃಷ್ಣರಾಜ, ಉಡುಪಿ ಕಡೆಯವರು. “ನಮ್ಮ ಕೆಲಸದವ್ರು ಆರು ಜನ ನಿಮ್ಮ ಪರೀಕ್ಷೆ ಬರೆದಿದ್ರು. ಆರೂ ಜನ ಫೇಲಾ ಮೇಡಂ?”
ಅಷ್ಟೂ ಜನರಿಗೆ ಸೇರಿ ಸ್ಮಾರ್ಟ್‌ಫೋನ್ ಇರುವುದೇ ಒಂದು!
ಅಳಿಸಿದ್ದನ್ನು ವಾಪಸ್ ತೆಗೆದೆ. ಐತಪ್ಪ, 52, ಹಿಟ್ಟು ರುಬ್ಬುವವರು. ಸಾಯುವ ಯೋಚನೆ ಬರುತ್ತದೆಯೇ ಎಂಬ ಪ್ರಶ್ನೆಗೆ — ‘ದಿನಾ’. ನಾನು ಓದಿಯೇ ಇರಲಿಲ್ಲ.
ಐತಪ್ಪ ಎಲ್ಲಿ ಎಂದು ಕೇಳಿದೆ. ಬೆಳಿಗ್ಗೆ ಬಾಳೆಎಲೆ ತರಲು ಕೋಯಂಬೇಡು ಮಾರ್ಕೆಟ್ಟಿಗೆ ಹೋದವರು ಇನ್ನೂ ಬಂದಿಲ್ಲವಂತೆ.

ಅದೇ ದಿನ, ಸಂಜೆ
ಸಿಕ್ಕಿದರು. ಹೋಟೆಲಿನ ಹಿಂಬಾಗಿಲಲ್ಲಿ ಬಾಳೆಎಲೆಯ ಕಟ್ಟು ಇಳಿಸುತ್ತಿದ್ದರು. ನಾನು ಯಾರೆಂದು ಹೇಳಿ ಕ್ಷಮೆ ಕೇಳಿದೆ. ನಕ್ಕರು.
“ಯಾರಾದ್ರೂ ಓದ್ತಾರಾ ಅಂತ ಬರೆದದ್ದು ಮೇಡಂ. ಅರ್ಹರಲ್ಲ ಅಂತ ಬಂತು. ಇದಕ್ಕೂ ನಾನು ಆಗುದಿಲ್ಲ ಅಂತ ಗೊತ್ತಾಯ್ತು.”
ಹೆಂಡತಿ ತೀರಿಕೊಂಡ ಮೇಲೆ ಹೀಗಂತೆ. ಇವತ್ತು ಮಾರ್ಕೆಟ್ಟಿನಿಂದ ನೇರ ಬೀಚಿಗೆ ಹೋಗಿ, ನೀರಿನ ಅಂಚಿನಲ್ಲೇ ಕೂತಿದ್ದರಂತೆ. ಬಿಸಿಲಿಗೆ ಎಲೆ ಬಾಡುತ್ತದೆ ಎಂದು ಎದ್ದು ಬಂದರಂತೆ... ಎಲೆ ಬಾಡುತ್ತದೆ ಎಂದು!
ಕೃಷ್ಣರಾಜರೂ ನಾನೂ ಸೇರಿ ಆಸ್ಪತ್ರೆಗೆ ಕರೆದೊಯ್ದೆವು. ಅಡ್ಮಿಟ್ ಮಾಡಿಕೊಂಡರು. ನಾಳೆ ಹಿಟ್ಟು ಯಾರು ರುಬ್ಬುತ್ತಾರೆ ಎಂದು ಐತಪ್ಪ ಎರಡು ಸಲ ಕೇಳಿದರು.

ಜೂನ್ 20, ಶುಕ್ರವಾರ
ಐತಪ್ಪನವರಿಗೆ ಈಗ ನಿದ್ದೆ ಬರುತ್ತಿದೆ. ಪುತ್ತೂರಿನಿಂದ ತಮ್ಮ ಬಂದು ಜೊತೆಗಿದ್ದಾರೆ. ಇವತ್ತು ಸ್ವಲ್ಪ ಉಸಿರಾಡಿದೆ.
ಆದರೆ ನಕಲಿ ಎಂದು ನಾನು ಅಳಿಸಿದ್ದು ಅವರನ್ನಷ್ಟೇ ಅಲ್ಲವಲ್ಲ. ಎಲ್ಲರಿಗೂ ಫೋನ್ ಮಾಡುತ್ತೇನೆ ಎಂದೆ. ಸರ್ ಬೇಡ ಎನ್ನಲಿಲ್ಲ.
ಏಪ್ರಿಲ್‌ನಲ್ಲಿ ಅಳಿಸಿದವರಿಂದ ಶುರು. ಮೊದಲ ನಂಬರ್ ಪೆರಂಬೂರಿನದು, ಸರಸ ಎಂಬ ಹೆಸರಿನಲ್ಲಿ. ಎತ್ತಿದ್ದು ಗಂಡಸಿನ ದನಿ. ಕನ್ನಡದವರೇ. ಸರಸ ಅವರು ಇದ್ದಾರಾ ಎಂದು ಕೇಳಿದೆ.
“ಇದ್ರು,” ಅಂದರು. “ಮೇ ತಿಂಗಳವರೆಗೆ.”