ಬೆಂಚಿನ ಎದುರಿಗೇ ಅಂಟಿಸಿದ ತೀರ್ಪು

ಆರೋಗ್ಯ ಪ್ರಚಾರ ವಿಭಾಗದ ಮುಖ್ಯಾಧಿಕಾರಿಗಳೇ,

ಮಕ್ಕಳ ಆಸ್ಪತ್ರೆಯ ಗೋಡೆಗೆ ನೀವು ಅಂಟಿಸಿದ ಪೋಸ್ಟರ್ ಓದಿ ನನ್ನ ಬಸುರಿ ಸೊಸೆ ಊಟ ಬಿಟ್ಟಿದ್ದಾಳೆ. ಗರ್ಭಿಣಿಯರು ಚೆನ್ನಾಗಿ ಉಣ್ಣಲಿ ಎಂದೇ ಹಾಕಿಸಿದ ಪೋಸ್ಟರ್ ಅದು. ಇಂಥ ಯಶಸ್ಸಿಗೆ ಅಭಿನಂದಿಸದಿರುವುದು ಹೇಗೆ?

'ತಾಯಿಯ ತಟ್ಟೆ ಸರಿಯಿದ್ದರೆ ಮಗುವಿಗೆ ಆಟಿಸಂ ಇಲ್ಲ' ಎಂಬುದು ಅದರ ಒಕ್ಕಣೆ. ಅದನ್ನು ಹಾಕಿರುವುದು ಆಟಿಸಂ ಇರುವ ಮಕ್ಕಳ ತಾಯಂದಿರು ಸರದಿ ಕಾಯುವ ಬೆಂಚಿನ ನೇರ ಎದುರಿಗೆ. ಮಾಡಿದ್ದುಣ್ಣೋ ಮಹರಾಯ ಎಂದು ನೇರವಾಗಿ ಬರೆಸಿದ್ದರೆ ಕಾಗದವಾದರೂ ಉಳಿಯುತ್ತಿತ್ತು. ನನ್ನ ಮೊಮ್ಮಗನಿಗೆ ಐದು ವರ್ಷ, ಇನ್ನೂ ಮಾತು ಬಂದಿಲ್ಲ. ಪ್ರತಿ ಸಲವೂ ಹೊಸ ಆಪ್ತಸಮಾಲೋಚಕಿ, ಮೊದಲ ಪ್ರಶ್ನೆ ಮಾತ್ರ ಹಳೆಯದೇ: "ಬಸುರಿ ಇದ್ದಾಗ ಏನೇನು ತಿಂತಿದ್ರಿ?" ಸೊಸೆ ತಲೆ ತಗ್ಗಿಸುತ್ತಾಳೆ. ಕಳೆದ ಸಲ ನನಗೆ ತಡೆಯಲಾಗಲಿಲ್ಲ.

"ನಾನು ಬಡಿಸಿದ್ದನ್ನ ತಿಂತಿದ್ಲು. ಅಡುಗೆ ನಂದು, ನನ್ನನ್ನೇ ಕೇಳಿ."

"ಅಜ್ಜಿ, ನೀವು ಸ್ವಲ್ಪ ಹೊರಗೆ ಕೂತಿರಿ."

ಪೌಷ್ಟಿಕ ಆಹಾರ ಬೇಡವೆನ್ನುವಷ್ಟು ಮೂರ್ಖಳಲ್ಲ ನಾನು. ಸೊಪ್ಪು, ಮೊಟ್ಟೆ, ಹಾಲು ಎಲ್ಲವನ್ನೂ ಹಿಂದೆ ಬಿದ್ದು ತಿನ್ನಿಸಿದ್ದೇನೆ. ಫೋಲಿಕ್ ಆಮ್ಲದ ಮಾತ್ರೆಗೆ ಹೋದಾಗಲೆಲ್ಲ "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಎಂದದ್ದು ನಿಮ್ಮದೇ ಆರೋಗ್ಯ ಕೇಂದ್ರ. ಆ ಬಗ್ಗೆ ಒಂದು ಪೋಸ್ಟರ್ ಏಕಿಲ್ಲ? ಪೋಸ್ಟರಿನ ಮಾತು ನಿಜವೇ ಎಂದು ಆಸ್ಪತ್ರೆಯ ಡಾಕ್ಟರಮ್ಮನನ್ನು ಹಿಡಿದು ಕೇಳಿದೆ. "ಸಂಬಂಧ ಇರಬಹುದು ಅಂತ ಸಂಶೋಧನೆ ನಡೀತಿದೆ, ಅಜ್ಜಿ. ಕಾರಣ ಒಂದೇ ಅಲ್ಲ. ಇವರ ಊಟದಿಂದಲೇ ಹೀಗಾಯ್ತು ಅಂತ ಯಾರೂ ಹೇಳೋಕಾಗಲ್ಲ" ಎಂದರು. ಅವರ ಆ 'ಇರಬಹುದು' ನಿಮ್ಮ ಮುದ್ರಣಾಲಯ ತಲುಪುವಷ್ಟರಲ್ಲಿ ಎಲ್ಲಿ ಉದುರಿಹೋಯಿತು?

ಈಗ ಅವಳಿಗೆ ಮತ್ತೆ ಐದು ತಿಂಗಳು. ತಟ್ಟೆಯ ಮುಂದೆ ಕೂತು ಮೊಟ್ಟೆಯನ್ನು ಅತ್ತಿತ್ತ ತಿರುಗಿಸುತ್ತಾಳೆ. "ಅತ್ತೆ, ಇದರಿಂದಲೂ ಏನಾದ್ರೂ ಆದ್ರೆ?" ಎನ್ನುತ್ತಾಳೆ. "ತಿನ್ನದೇ ಇದ್ರೆ ಆಗಲ್ವೇನಮ್ಮ?" ಎಂದೆ. ಅತ್ತುಬಿಟ್ಟಳು. ಆಡಬಾರದಿತ್ತು ಅನ್ನಿಸಿ ನನಗೂ ಅನ್ನ ಇಳಿಯಲಿಲ್ಲ. ತೂಕ ಇಳಿದಿದೆಯೆಂದು ನರ್ಸ್ ಬೈದದ್ದೂ ಅವಳನ್ನೇ.

ಇತ್ತ ಹುಡುಗನಿಗೆ ಬೇಕಾದದ್ದು ಮಾತು ಕಲಿಸುವವರು. ಆ ಹುದ್ದೆ ಖಾಲಿ. ಅವರ ಕೋಣೆಗೆ ಬೀಗ. ಕಿಟಕಿಯಿಂದ ಇಣುಕಿದರೆ ಮೇಜು, ಆಟಿಕೆಗಳ ಮೇಲೆಲ್ಲ ನಿಮ್ಮ ಪೋಸ್ಟರಿನ ಕಟ್ಟುಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ.

ಆದ್ದರಿಂದ ಕೇಳುತ್ತಿದ್ದೇನೆ: ಆ ಕಟ್ಟುಗಳನ್ನು ಹೊರಹಾಕಿ, ಕೋಣೆಯ ಬೀಗ ತೆಗೆಸಿ, ಕಲಿಸುವವರನ್ನು ಕೂರಿಸಿ. ಮಾತ್ರೆ ಕೇಂದ್ರದಲ್ಲಿರಲಿ. ಗೋಡೆಯ ಪೋಸ್ಟರನ್ನು ಇವತ್ತೇ ಕೀಳಿಸಿ. ಅದನ್ನು ಇಷ್ಟಪಡುವವನು ನನ್ನ ಮೊಮ್ಮಗ ಒಬ್ಬನೇ. ಅದರಲ್ಲಿರುವ ಹಣ್ಣಿನ ಚಿತ್ರವನ್ನು ಹೋದಾಗಲೆಲ್ಲ ಸವರುತ್ತಾನೆ. ಅಷ್ಟು ಭಾಗ ಕತ್ತರಿಸಿ ಅವನಿಗೆ ಕೊಡಿ. ಉಳಿದದ್ದನ್ನು ಓದದೆ ನನ್ನ ಸೊಸೆ ಒಂದು ಹೊತ್ತು ನೆಮ್ಮದಿಯಾಗಿ ಉಣ್ಣಲಿ.

ಇಂತಿ,
ನೀವು ವಿಚಾರಣೆಗೆ ಕರೆಯಲು ಮರೆತ,
ಅಡುಗೆ ಮಾಡಿ ಬಡಿಸಿದ ಅತ್ತೆ