ನಡೆದು ನೋಡದ ಗೆರೆ

೮ ಜನವರಿ ೨೦೦೬, ಭಾನುವಾರ

ಇವತ್ತೂ ನಲ್ಲಿ ಬರಲಿಲ್ಲ. ಟ್ಯಾಂಕಿನ ತಳದ ನೀರಲ್ಲೇ ಸ್ನಾನ. ಹತ್ತು ಗಂಟೆಗೆ ಕಾಚಿಗುಡದಿಂದ ಬಸ್ಸು ಹಿಡಿದು ಅಬಿಡ್ಸ್‌ಗೆ. ಭಾನುವಾರ ಅಂಗಡಿಗಳೆಲ್ಲ ಬಂದ್, ಫುಟ್‌ಪಾತಿನ ಮೇಲೆ ಹಳೇ ಪುಸ್ತಕದವರದೇ ರಾಜ್ಯ.

ಹೋದದ್ದು ಮಗಳು ಭಕ್ತಿಯ ಕೆಲಸಕ್ಕೆ. ಎರಡು ವರ್ಷದಿಂದ ಭಾನುವಾರ ಬಂತೆಂದರೆ ಹಗ್ಗ ಹೆಗಲಿಗೆ ಹಾಕಿಕೊಂಡು ಬಂಡೆ ಹತ್ತಲು ಹೋಗುತ್ತಾಳೆ. ಈಗ ಅವಳ ಆಫೀಸಿನ ಹನ್ನೊಂದು ಜನ ಸೇರಿ ಕ್ಲಬ್ ಮಾಡಿದ್ದಾರಂತೆ. ಗುಡ್ಡದಲ್ಲಿ ನಡೆಯುವುದಕ್ಕೆ, ಬಂಡೆ ಹತ್ತುವುದಕ್ಕೆ ಒಂದು ಗೈಡ್ ಪುಸ್ತಕ ಬೇಕು. ನಿನ್ನೆ ಊಟಕ್ಕೆ ಕೂತಾಗ ಹೇಳಿದಳು: "ಅಪ್ಪಾ, ನಕ್ಷಾ ಓದೋದು ನಿಮಗ ಗೊತ್ತದ. ಚಲೋದು ಒಂದು ಆರಿಸಿ ಕೊಡ್ರಿ."

ನನ್ನ ಹೆಂಡತಿ ಗೋದಾ ತೀರಿಕೊಂಡು ಎರಡು ವರ್ಷ. ಅಂದಿನಿಂದ ಮಗಳು ನನ್ನಿಂದ ಏನನ್ನೂ ಕೇಳಿರಲಿಲ್ಲ. ಊಟ ಆಯಿತೇ, ಗುಳಿಗೆ ತಗೊಂಡಿರೇ — ಅಲ್ಲಿಗೆ ಮುಗಿಯಿತು. ಜಗಳವೇನೂ ಇಲ್ಲ. ಈ ಮನೆಯಲ್ಲಿ ಮಾತೆಲ್ಲ ಗೋದಾಳ ಮೂಲಕವೇ ಓಡಾಡುತ್ತಿತ್ತು. ಅವಳು ಅಡುಗೆಮನೆಯಿಂದ ಕೇಳುತ್ತಿದ್ದಳು, ನಾವಿಬ್ಬರೂ ಉತ್ತರ ಕೊಡುತ್ತಿದ್ದೆವು. ಈಗ ಕೇಳುವವರಿಲ್ಲ.

ಸರ್ವೆ ಇಲಾಖೆಯಿಂದ ರಿಟೈರ್ ಆದ ಮೇಲೆ ಸಿಕ್ಕ ಮೊದಲ ಕೆಲಸ. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಪುಸ್ತಕದ ರಾಮಕೃಷ್ಣ ಹಳೇ ಪರಿಚಯ. ಎರಡು ಹುಡುಕಿ ಕೊಟ್ಟ. ಒಂದು ನುಣುಪು ಕಾಗದ, ಬಣ್ಣದ ಫೋಟೋ, ಇಟ್ಟಿಗೆಯಷ್ಟು ಭಾರ. ಇನ್ನೊಂದು ಯಾರೋ ಎಂಬತ್ನಾಲ್ಕರಲ್ಲಿ ಟೈಪ್ ಮಾಡಿ ಪಿನ್ನು ಹೊಡೆದ ಬೂದು ರಟ್ಟಿನದು. ಬರೆದವರ ಹೆಸರಿದ್ದ ಪುಟ ಹರಿದಿದೆ.

೧೧ ಜನವರಿ

ಮೂರು ದಿನ ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದೆ. ಮಾರ್ಕ್ಸ್ ಹಾಕಿದೆ.

ಬಣ್ಣದ್ದರಲ್ಲಿ ನಕ್ಷೆ ಎಂದರೆ ನಕ್ಷೆ. ಸ್ಕೇಲು ಇದೆ, ಉತ್ತರದ ಬಾಣ ಇದೆ. ವಿಕಾರಾಬಾದ್ ಕಡೆಯ ಗುಡ್ಡದ ಹಾಳೆ ನೋಡಿ ಎದ್ದು ಕೂತೆ. ನಮ್ಮ ಸರ್ವೆ ಹಾಳೆಯಿಂದಲೇ ಇಳಿಸಿದ್ದು! ಎಪ್ಪತ್ತಾರರಲ್ಲಿ ನಾನೇ ನಿಂತು ಅಳತೆಯ ಸರಪಳಿ ಎಳೆಸಿದ ಸೀಮೆ ಅದು. ಹಾಳೆಯ ಮೇಲಿನ ಕಾಲುದಾರಿ ನನಗೆ ಗೊತ್ತು. ಹಳೇ ಗೆಳೆಯ ರಸ್ತೆಯಲ್ಲಿ ಸಿಕ್ಕಂತಾಯಿತು.

ಬೂದು ಪುಸ್ತಕದಲ್ಲಿ ನಕ್ಷೆಯೇ ಇಲ್ಲ. "ಹುಣಸೆಮರದ ಎಡಕ್ಕೆ ಹೋಗಿ. ಆನೆ ಸೊಂಡಿಲಿನಂಥ ಬಂಡೆ. ಬಲಗೈ ಬಿರುಕಿನಲ್ಲಿಡಿ, ಅವಸರ ಬೇಡ" — ಇಂಗ್ಲಿಷಿನಲ್ಲಿ ಹೀಗೇ ಸಾಗುತ್ತದೆ. ಇದೇನು ಗೈಡೋ, ಅಜ್ಜಿ ಕಥೆಯೋ?

ಬಣ್ಣದ್ದಕ್ಕೆ ತೊಂಬತ್ತೊಂದು. ಬೂದಿಗೆ ಇಪ್ಪತ್ಮೂರು, ಅದೂ ದಯೆಯಿಂದ.

೧೪ ಜನವರಿ, ಸಂಕ್ರಾಂತಿ

ಭಕ್ತಿಗೆ ರಜೆ. ಕುಸುರೆಳ್ಳು ಕೊಟ್ಟು ನಮಸ್ಕಾರ ಮಾಡಿದಳು. ಬಣ್ಣದ ಪುಸ್ತಕ ಕೊಟ್ಟೆ, ಜೊತೆಗೆ ನಾಲ್ಕು ಪುಟದ ಪರಿಶೀಲನಾ ಟಿಪ್ಪಣಿ. ನಿಂತಲ್ಲೇ ಪೂರ್ತಿ ಓದಿದಳು. ಕೊನೆಯಲ್ಲಿ ಸಹಿ, ತಾರೀಖು, "ಸಾದರಪಡಿಸಿದೆ" ಅಂತ ಇದ್ದುದನ್ನು ನೋಡಿ ನಕ್ಕಳು. ಗೋದಾ ಹೋದ ಮೇಲೆ ಈ ಮನೆಯಲ್ಲಿ ಕೇಳಿದ ಮೊದಲ ಜೋರು ನಗು.

ಮುಂದಿನ ವಾರ ಬಿಟ್ಟು ಆಚೆ ಭಾನುವಾರ ಎಲ್ಲರೂ ವಿಕಾರಾಬಾದ್ ಗುಡ್ಡಕ್ಕೆ. ನನ್ನ ಗುಡ್ಡಕ್ಕೆ.

೨೯ ಜನವರಿ, ಭಾನುವಾರ

ಆರಕ್ಕೆ ಬರುತ್ತೇನೆ ಅಂದವಳು ಒಂಬತ್ತೂವರೆಗೆ ಬಂದಳು. ಮೊಣಕೈ ತರಚಿದೆ. ಸ್ನಾನ ಮಾಡಿದಳು, ಮೊಸರನ್ನ ತಿಂದಳು. ನಾನೇ ಕೇಳಿದೆ.

"ದಾರಿ ಇರಲಿಲ್ಲಪ್ಪಾ. ನಡುವ ಗುಡ್ಡಾನ ಕಡದು ಕ್ವಾರಿ ಮಾಡ್ಯಾರ. ಕತ್ತಲಾಗ್ಲಿಕ್ಕತ್ತಿತ್ತು. ಮುಂದಿದ್ದ ಹುಡುಗಿ ಕಾಲು ಅಂಚಿನ ಮ್ಯಾಲ ಇತ್ತು. ಆಕಿ ಚೀಲ ಹಿಡಿದು ಎಳದೆ."

ಅಷ್ಟೇ ಹೇಳಿ ಮಲಗಲು ಹೋದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದಾರಿ ಇತ್ತು. ಮೂವತ್ತು ವರ್ಷದ ಕೆಳಗೆ. "ನಡೆದು ನೋಡದೆ ಗೆರೆ ಎಳೆಯಬೇಡ" — ಮೂವತ್ಮೂರು ವರ್ಷ ಎಲ್ಲರಿಗೂ ಹೇಳಿದ ಮಾತು. ಮನೆಯಲ್ಲಿ ಕೂತು ಅಳತೆ ಬರೆದಿದ್ದ ಹುಡುಗನೊಬ್ಬನ ಮುಖಕ್ಕೆ ಒಮ್ಮೆ ಫೀಲ್ಡ್ ಬುಕ್ ಎಸೆದಿದ್ದೆ. ನನ್ನ ಮುಖಕ್ಕೆ ಈಗ ಯಾರು ಎಸೆಯಬೇಕು? ನಮ್ಮ ಕೈಯ ಗೆರೆ ಕಂಡ ಕೂಡಲೇ ಕರಗಿಹೋದೆ, ನೋಡಬೇಕಾದ್ದನ್ನು ನೋಡಲಿಲ್ಲ. ಆ ಅಂಚಿನ ಮೇಲಿದ್ದ ಕಾಲು ಭಕ್ತಿಯದೂ ಆಗಬಹುದಿತ್ತು.

೬ ಫೆಬ್ರವರಿ, ಸೋಮವಾರ

ಒಂದು ವಾರ ಬರೆಯಲು ಮನಸ್ಸಾಗಲಿಲ್ಲ. ಅವಳೂ ಪುಸ್ತಕದ ಸುದ್ದಿ ತೆಗೆಯಲಿಲ್ಲ. ಮತ್ತೆ ಗುಳಿಗೆ, ಊಟ.

ಇವತ್ತು ಅವಳ ಕ್ಯಾಬ್ ಹೋದ ಮೇಲೆ ಬೂದು ಪುಸ್ತಕ ಜೋಳಿಗೆಯಲ್ಲಿ ಹಾಕಿಕೊಂಡು ಹೊರಟೆ. ಮೆಹದಿಪಟ್ಟಣದ ತನಕ ಬಸ್ಸು, ಮುಂದೆ ಮಣಿಕೊಂಡಕ್ಕೆ ಶೇರ್ ಆಟೋ. ಪುಸ್ತಕದಲ್ಲಿ ಆ ಸುತ್ತಿನ ಹನ್ನೆರಡು ಬಂಡೆಗಳಿವೆ. ಈ ಸಲ ಎಲ್ಲವನ್ನೂ ನಡೆದು ನೋಡಿಯೇ ಪುಟದ ಅಂಚಿಗೆ ಗುರುತು ಹಾಕುವುದು.

ಹುಣಸೆಮರ ಇತ್ತು. ಎಡಕ್ಕೆ ಹೋದೆ, ಸೊಂಡಿಲೂ ಇತ್ತು. ಬಲಗೈ ಬಿರುಕಿನಲ್ಲಿಟ್ಟೆ. ಹೇಳಿ ಮಾಡಿಸಿದಂತೆ ಕೂತಿತು. ಯಾರಾದರೂ ನೋಡುತ್ತಿದ್ದಾರೇನೋ ಅಂತ ಸುತ್ತ ನೋಡಿ, ಎರಡು ಅಡಿ ಮೇಲೇರಿದೆ. ಇಳಿದೆ. ಒಬ್ಬನೇ ನಕ್ಕೆ.

ಇದನ್ನು ಬರೆದಾತ ಪ್ರತಿಯೊಂದನ್ನೂ ಮುಟ್ಟಿ ಬರೆದಿದ್ದಾನೆ. ಇಪ್ಪತ್ಮೂರು ಕೊಟ್ಟ ಮೇಷ್ಟ್ರನ್ನು ಬೆಂಚಿನ ಮೇಲೆ ನಿಲ್ಲಿಸಬೇಕು.

೯ ಫೆಬ್ರವರಿ, ಗುರುವಾರ

ನಿನ್ನೆಗೆ ಒಂಬತ್ತು ಬಂಡೆ ಮುಗಿದಿತ್ತು. ಒಂಬತ್ತೂ ಸರಿ. ಇವತ್ತು ಹತ್ತನೆಯದು — ಇಲ್ಲ. ಅದಿರಬೇಕಾದ ಕಡೆ ಅಪಾರ್ಟ್‌ಮೆಂಟಿನ ಪಾಯ. ಪಕ್ಕದಲ್ಲಿ ಕಲ್ಲಿಗೆ ತೂತು ಕೊರೆಯುತ್ತಿದ್ದವನನ್ನು ಹಿಂದಿಯಲ್ಲಿ ಕೇಳಿದೆ. ನನ್ನ ಹಿಂದಿ ಕೇಳಿ ಅವನು ಕನ್ನಡದಲ್ಲಿ ಉತ್ತರ ಕೊಟ್ಟ. ಸಾಬಣ್ಣ, ಯಾದಗಿರಿ ಕಡೆಯವನು. ಎರಡು ತಿಂಗಳ ಹಿಂದೆ ಅವನ ಗುಂಪೇ ಅದನ್ನು ಒಡೆದದ್ದಂತೆ.

"ಭಾಳ ಗಟ್ಟಿ ಕಲ್ಲು ಇತ್ರಿ ಸಾಹೇಬ್ರ. ಹನ್ನೊಂದು ದಿನ ತಗೊಂತು. ನಮ್ಮ ಹೊಟ್ಟಿಪಾಡು, ಏನ್ ಮಾಡೂದೈತಿ."

ಅವನ ಮೇಲೆ ಸಿಟ್ಟು ಬರಲಿಲ್ಲ. ಪುಸ್ತಕದಲ್ಲಿ ಪೆನ್ಸಿಲಿನಿಂದ "ಈಗ ಇಲ್ಲ" ಅಂತ ಬರೆದೆ.

ಹನ್ನೊಂದನೆಯದರಿಂದ ಇಳಿಯುವಾಗ ಕಾಲು ಜಾರಿತು. ಹಿಮ್ಮಡಿ ಮೇಲಿನ ಕೀಲು ಉಬ್ಬಿ ಕೂತಿದೆ. ಸಾಬಣ್ಣನೇ ಓಡಿ ಬಂದು ಎತ್ತಿ ಆಟೋದಲ್ಲಿ ಕೂಡಿಸಿ, ಕೆಲಸ ಬಿಟ್ಟು ಕಾಚಿಗುಡದ ತನಕ ಬಂದ. ನಾನು ಬೇಡವೆಂದರೂ ಫೋನ್ ನಂಬರು ಬರೆಸಿಕೊಂಡ.

ಭಕ್ತಿಗೆ ಬಚ್ಚಲಲ್ಲಿ ಜಾರಿದೆ ಅಂದೆ. ಸಾಕ್ಷಿಗೆ ಒಂದು ಚೊಂಬು ನೀರನ್ನೂ ಚೆಲ್ಲಿಟ್ಟಿದ್ದೆ. ನಂಬಿದಳು.

೧೧ ಫೆಬ್ರವರಿ, ಶನಿವಾರ

ಸಾಬಣ್ಣನ ಫೋನ್. ಎತ್ತಿದವಳು ಭಕ್ತಿ. ಸಾಹೇಬರ ಕಾಲು ಹೇಗಿದೆ, ಮತ್ತೆ ಕಲ್ಲು ಹತ್ತಲು ಬರಬೇಡಿ ಅನ್ನಿ ಅಂತ ಪಾಪ ಒಳ್ಳೆಯ ಮಾತೇ ಆಡಿದ್ದಾನೆ.

ಬಂದು ನನ್ನೆದುರು ನಿಂತಳು. ಜೋಳಿಗೆಯಿಂದ ಬೂದು ಪುಸ್ತಕ ತೆಗೆದು, ನನ್ನ ಪೆನ್ಸಿಲಿನ ಗುರುತುಗಳನ್ನು ಒಂದೊಂದೇ ಪುಟ ತಿರುವಿ ನೋಡಿದಳು.

"ಇಷ್ಟೂ ಕಡೆ ಒಬ್ಬರ ಹೋಗಿದ್ರೇನು? ಅಲ್ಲೇ ಏನರೆ ಆಗಿದ್ರ ನನಗ ಯಾರು ಹೇಳವ್ರಿದ್ರು? ನನಗ ಇರೋದು ನೀವೊಬ್ಬರ."

ಅತ್ತಳು. ಗೋದಾ ಹೋದ ದಿನವೂ ನನ್ನೆದುರು ಅಳದವಳು. ತೊಂಬತ್ತೊಂದು ಮಾರ್ಕ್ಸ್ ಕೊಟ್ಟ ತಪ್ಪು ನನ್ನದು, ತಿದ್ದಬೇಕಾಗಿತ್ತು ಅಂತ ತೊದಲಿದೆ. ಅವಳು ಕಣ್ಣೊರೆಸಿಕೊಂಡು, ಪುಸ್ತಕ ಅಂತರ್ಜಾಲದಲ್ಲೂ ಸಿಗುತ್ತಿತ್ತು ಅಂದಳು. ಹಾಗಾದರೆ ನನ್ನನ್ನೇಕೆ ಕೇಳಿದೆ ಅಂದೆ.

"ನಿಮ್ಮ ಜೋಡಿ ಮಾತಾಡ್ಲಿಕ್ಕೆ ಏನರೆ ಒಂದು ಬೇಕಾಗಿತ್ತಪ್ಪಾ. ಅವ್ವನ ದನಿ ಇಲ್ಲದ ಮನಿಯೊಳಗ ಭಾನುವಾರ ಕೂಡ್ಲಿಕ್ಕೆ ಆಗವಲ್ದು ಅಂತನ ನಾ ಬಂಡೆಗೆ ಹೋಗ್ತೀನಿ."

ನಾನೂ ಅದಕ್ಕೇ ಅಬಿಡ್ಸ್‌ಗೆ ಹೋಗುತ್ತೇನೆ ಅಂದೆ. ಇಬ್ಬರಿಗೂ ಗೊತ್ತಿರಲಿಲ್ಲ. ಎರಡು ವರ್ಷ ಒಂದೇ ಮನೆಯಿಂದ ಬೇರೆ ಬೇರೆ ದಿಕ್ಕಿಗೆ ಓಡಿದ್ದೇವೆ.

ಅರಿಶಿಣ ಸುಣ್ಣ ಕಲಸಿ ಬಿಸಿ ಮಾಡಿ ಕಾಲಿಗೆ ಹಚ್ಚಿದಳು. ಸುಡುತ್ತಿತ್ತು. ಕಾಲು ಎಳೆದುಕೊಳ್ಳಲಿಲ್ಲ.

೫ ಮಾರ್ಚ್, ಭಾನುವಾರ

ಕಾಲು ವಾಸಿ. ಬೂದು ಪುಸ್ತಕದ ಹನ್ನೆರಡು ಜೆರಾಕ್ಸ್ ಆಯಿತು, ನನ್ನ ಪೆನ್ಸಿಲ್ ಗುರುತುಗಳ ಸಮೇತ. ಕ್ಲಬ್ಬಿನ ಹನ್ನೊಂದು ಜನಕ್ಕೆ ಒಂದೊಂದು, ಹನ್ನೆರಡನೆಯದು ಸಾಬಣ್ಣನಿಗೆ. ಓದಲು ಬರುವುದಿಲ್ಲ ಅಂದ, ಆದರೂ ಜೇಬಿನಲ್ಲಿಟ್ಟುಕೊಂಡ.

ಎರಡು ವಾರದಿಂದ ಸಂಜೆ ತಾರಸಿಯಲ್ಲಿ ನನಗೆ ಮಗಳಿಂದ ಹಗ್ಗದ ಪಾಠ. ಹತ್ತುವವರನ್ನು ಕೆಳಗಿನಿಂದ ಹಗ್ಗ ಹಿಡಿದು ಕಾಯುವ ಕೆಲಸ. ಮರಳಿನ ಚೀಲ ಬೀಳಿಸಿ ಹಿಡಿಸುತ್ತಾಳೆ. ಮೊದಲ ದಿನ ಆರು ಸಲ ನೆಲ ಕಂಡಿತು. ನಿನ್ನೆ ಒಂದು ಸಲವೂ ಇಲ್ಲ. ಮೇಷ್ಟ್ರಮ್ಮ ಬಲು ಕಟ್ಟುನಿಟ್ಟು, ಥೇಟ್ ತಾಯಿ.

೧೨ ಮಾರ್ಚ್, ಭಾನುವಾರ, ಬೆಳಿಗ್ಗೆ ಏಳು

ಬೂದು ಪುಸ್ತಕದ ಮೂರನೇ ಬಂಡೆಯ ಕೆಳಗೆ ಕೂತು ಬರೆಯುತ್ತಿದ್ದೇನೆ. ಯಾವಾಗಲೂ ಅವಳ ಹಗ್ಗ ಹಿಡಿಯುವ ಹುಡುಗಿಗೆ ಜ್ವರ. ವಾಪಸ್ ಹೋಗೋಣ ಅಂದೆ. ಭಕ್ತಿ ಹಗ್ಗವನ್ನು ನನ್ನ ನಡುವಿನ ಪಟ್ಟಿಗೆ ಸಿಕ್ಕಿಸಿದಳು, ಎರಡು ಸಲ ಜಗ್ಗಿ ನೋಡಿದಳು. ನೀವು ಇದ್ದೀರಲ್ಲ ಅಂದಳು, ಅಷ್ಟೇ.

ಹೆದರಿಕೆಯಾಗುತ್ತಿದೆ. ಮರಳಿನ ಚೀಲ ಬೇರೆ, ಮಗಳು ಬೇರೆ. ಗೋದಾ ಇದ್ದಿದ್ದರೆ ಇಬ್ಬರನ್ನೂ ಕಿವಿ ಹಿಂಡಿ ಮನೆಗೆ ಎಳೆದೊಯ್ಯುತ್ತಿದ್ದಳು. ಆದರೂ ಇವತ್ತು ಬೇರೆ ಯಾರ ಕೈಗೂ ಈ ಹಗ್ಗ ಕೊಡಲಾರೆ.

ಗಂಟು ಬಿಗಿದುಕೊಂಡಳು. ಬಂಡೆಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡಳು. ತಿರುಗಿ ನೋಡುತ್ತಿದ್ದಾಳೆ. "ಅಪ್ಪಾ, ಹಿಡದೀರೇನು?"

ಎರಡೂ ಕೈ ಬೇಕು. ಪೆನ್ನು