ಬೂದಿಗುಂಡಿ ಎಲ್ಲಿತ್ತು

ಮಕರಪುರ, ವಡೋದರಾ
೧೭ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ನಮಿತಕ್ಕಾ,

ನೀನೂ ಪ್ರವೀಣ್ ಭಾವನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ರಾಂಚಿಯಲ್ಲಿ ಮಳೆ ಜೋರು ಅಂತ ಟೀವಿಯಲ್ಲಿ ನೋಡಿದೆವು. ನಿನ್ನ ಮೊಣಕಾಲು ನೋವು ಹೇಗಿದೆ? ಆಫೀಸಿನ ಲಿಫ್ಟ್ ರಿಪೇರಿ ಆಯಿತೋ, ಇನ್ನೂ ಮೆಟ್ಟಿಲು ಹತ್ತುತ್ತಿದ್ದೀಯೋ? ಅಮ್ಮ ಕಳಿಸಿದ ಚಟ್ನಿಪುಡಿ ಬಂತು ಎಂದೆಯಂತೆ, ಆದರೆ ಹೇಗಿತ್ತು ಅಂತ ಹೇಳಲಿಲ್ಲವಂತೆ. ಅಮ್ಮನಿಗೆ ಅದೊಂದು ಕೊರಗು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ಕ್ಷೇಮವೇ. ಯಾವ ಅರ್ಥದಲ್ಲಿ ಕ್ಷೇಮ ಎಂಬುದು ನನಗೇ ಸರಿಯಾಗಿ ತಿಳಿಯದೆ ಈ ಕಾಗದ ಬರೆಯುತ್ತಿದ್ದೇನೆ. ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡುವವನು ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ನಮ್ಮ ಮನೆಯಲ್ಲಿ ಫೋನ್ ಬಂದರೆ ಸ್ಪೀಕರ್ ಹಾಕಿ ಹಾಲಿನ ನಡುವೆ ಇಡಬೇಕು, ಅಪ್ಪನಿಗೂ ಕೇಳಲಿ ಎಂದು. ಅದು ಅಮ್ಮನ ನಿಯಮ. ಈಗ ಹೇಳಬೇಕಾದದ್ದು ಅವರಿಬ್ಬರೂ ಕೇಳಿಸಿಕೊಳ್ಳುವಂಥದ್ದಲ್ಲ.

ಹೋದ ದೀಪಾವಳಿ ಮುಗಿದ ಮೇಲೆ ಅಪ್ಪನಿಗೆ ಲಕ್ವ ಹೊಡೆದಾಗ ನೀನು ಬಂದು ನೋಡಿಕೊಂಡು ಹೋದೆ. ಆಮೇಲೆ ಬಲಗಾಲು ಸ್ವಲ್ಪ ಸ್ವಲ್ಪವಾಗಿ ಹಿಡಿತಕ್ಕೆ ಬಂತು. ಗೋಡೆ ಹಿಡಿದು ಬಾಲ್ಕನಿಯವರೆಗೆ ಬರುತ್ತಾರೆ. ಮಾತು ಮಾತ್ರ ಬರಲಿಲ್ಲ. ಫತೇಗಂಜಿನಲ್ಲಿ ಮಾತು ಕಲಿಸುವ ಒಬ್ಬ ಹುಡುಗಿಯ ಬಳಿ ಕರೆದುಕೊಂಡು ಹೋಗುತ್ತಿದ್ದೆವಲ್ಲ, ಆಕೆಯದು ಬಹಳ ತಾಳ್ಮೆ. ಸೇಬು, ಹಸು, ಛತ್ರಿಯ ಚಿತ್ರಗಳನ್ನು ಒಂದೊಂದಾಗಿ ಹಿಡಿದು ಇದೇನು, ಇದೇನು ಎಂದು ಕೇಳುತ್ತಿದ್ದಳು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿಬಿಡುತ್ತಿದ್ದರು. ಉಗಿ ಎಂಜಿನ್ ಶೆಡ್ಡಿನಲ್ಲಿ ಫೋರ್‌ಮನ್ ಆಗಿ ಅಷ್ಟು ಜನರನ್ನು ಗದರಿಸಿ ಕೆಲಸ ತೆಗೆದವರಿಗೆ ಹಸುವಿನ ಚಿತ್ರ ತೋರಿಸಿದರೆ ಇನ್ನೇನು ಮಾಡುತ್ತಾರೆ? ಕೊನೆಗೊಂದು ದಿನ ಆಟೋದಿಂದ ಇಳಿಯಲೇ ಇಲ್ಲ. ಅಲ್ಲಿಗೆ ಹೋಗುವುದು ನಿಂತಿತು. ಮನೆಯಲ್ಲಿ ಟೀವಿ ಸದ್ದು, ಕುಕ್ಕರ್ ಸದ್ದು, ಅಷ್ಟೇ. ಅಮ್ಮ ಒಬ್ಬಳೇ ಮಾತಾಡುತ್ತಿದ್ದಳು. ಆಮೇಲಾಮೇಲೆ ಅವಳೂ ಕಡಿಮೆ ಮಾಡಿದಳು.

ಜೂನ್‌ನಲ್ಲಿ ಮನಸ್ವಿನಿಯ ಶಾಲೆಯಲ್ಲಿ ಸಾರಿಗೆಯ ಬಗ್ಗೆ ಏನೋ ಒಂದು ಮಾದರಿ ಮಾಡಿಕೊಂಡು ಬನ್ನಿ ಅಂದಿದ್ದರು. ಅಮ್ಮ ತಾನಾಗಿಯೇ, ನಿನ್ನ ಅಜ್ಜ ಕೆಲಸ ಮಾಡಿದ ಶೆಡ್ ಮಾಡೋಣ ಬಾ ಎಂದು ಮೊಮ್ಮಗಳನ್ನು ಕೂರಿಸಿಕೊಂಡಳು. ಥರ್ಮಕೋಲಿನದು ಒಂದು ತಯಾರಾಯಿತು, ಶಾಲೆಗೆ ಹೋಯಿತು, ಮುಗಿಯಿತು. ಅಮ್ಮ ಮಾತ್ರ ಮುಗಿಸಲಿಲ್ಲ. ಕೆಳಗಿನ ಬಡಗಿಯಿಂದ ದೊಡ್ಡ ಪ್ಲೈವುಡ್ ಹಲಗೆ ತರಿಸಿ ಊಟದ ಮೇಜಿನ ಮೇಲೆ ಹಾಸಿದಳು. ಸೀಮೆಸುಣ್ಣದಿಂದ ಹಳಿ ಗೀಚಿದಳು, ಶೆಡ್ಡಿನ ಜಾಗಕ್ಕೆ ಬೂಟಿನ ಡಬ್ಬ, ಎಂಜಿನ್ನುಗಳ ಜಾಗಕ್ಕೆ ಬೆಂಕಿಪೊಟ್ಟಣ ಇಟ್ಟಳು. ಅಂದಿನಿಂದ ನಮ್ಮ ಊಟ ನೆಲದ ಮೇಲೆ. ಸೊಸೆಯಾಗಿ ಪೂರ್ವಿ ಏನಾದರೂ ಅನ್ನುತ್ತಾಳೇನೋ ಎಂದು ನನಗೆ ಅಳುಕಿತ್ತು. ಅವಳು "ಥವಾ ದೋ ನೇ" ಎಂದು ಸುಮ್ಮನಾದಳು, ಆಗಲಿ ಬಿಡಿ ಎಂದು. ಸಣ್ಣ ರೈಲಿನ ಮಾದರಿ ಮಾಡುವುದು ಈಗ ಎಷ್ಟೋ ದೊಡ್ಡವರ ಹವ್ಯಾಸ. ಅಮ್ಮನಿಗೂ ಒಂದು ಬೇಸರ ಕಳೆಯುವ ದಾರಿ ಸಿಕ್ಕಿತಲ್ಲ ಎಂದು ನನಗೆ ನಿಜಕ್ಕೂ ಖುಷಿಯಾಯಿತು.

ನನ್ನ ಸ್ವಭಾವ ನಿನಗೆ ಗೊತ್ತಲ್ಲ. ನಮ್ಮ ಕಾರ್ಖಾನೆಯಲ್ಲಿ ನಕ್ಷೆ ಒಪ್ಪಿಗೆಯಾಗದೆ ಒಂದು ಬೋಲ್ಟನ್ನೂ ತಿರುಗಿಸುವುದಿಲ್ಲ. ಮಾಡುವುದಾದರೆ ಅಳತೆಗೆ ಸರಿಯಾಗಿ ಮಾಡೋಣ ಎಂದು ಕಂಪ್ಯೂಟರ್ ಹಿಡಿದು ಕುಳಿತೆ. ನನಗಾದರೋ ಸೂರತ್‌ನಿಂದ ಆಚೆಯ ಆ ಶೆಡ್ಡಿನ ನೆನಪು ಬಹಳ ಕಡಿಮೆ. ಕಾದ ಎಣ್ಣೆಯ ವಾಸನೆ, ಚರಂಡಿಯ ಕಪ್ಪು ನೀರು, ಎಂಜಿನ್ ತಿರುಗಿಸುವ ಆ ದೊಡ್ಡ ದುಂಡು ಕಟ್ಟೆಯ ಹತ್ತಿರ ಹೋದರೆ ನೀನು ನನ್ನ ಕಿವಿ ಹಿಂಡುತ್ತಿದ್ದದ್ದು, ಇಷ್ಟೇ. ಅದಕ್ಕೆ ಸೂರತ್‌ನಿಂದ ಶೇಷಾದ್ರಿ ಮಾಮನನ್ನು ಕರೆಸಿದೆ. ಅಪ್ಪನ ಜೊತೆ ಅದೇ ಶೆಡ್ಡಿನಲ್ಲಿ ಎಂಜಿನ್ ಓಡಿಸುತ್ತಿದ್ದವರು, ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಅವರು ಮೇಜಿನ ಸುತ್ತ ನಡೆದು ನಡೆದು ಎಲ್ಲಾ ಹೇಳಿದರು. ಓಡಿ ಬಂದ ಎಂಜಿನ್ ಮೊದಲು ನಿಲ್ಲುವುದು ಬೂದಿಗುಂಡಿಯ ಮೇಲೆ, ಒಲೆಯ ಬೂದಿ ಕೆಡವಲು. ಅಲ್ಲಿಂದ ಕಲ್ಲಿದ್ದಲು ಕಟ್ಟೆ, ಆಮೇಲೆ ನೀರಿನ ಕಂಬ, ಆಮೇಲೆ ದುಂಡು ಕಟ್ಟೆಯಲ್ಲಿ ಮುಖ ತಿರುಗಿಸಿಕೊಂಡು ಶೆಡ್ಡಿನೊಳಗೆ. ಅಪ್ಪ ಕುರ್ಚಿಯಲ್ಲಿ ಕುಳಿತು ಎಲ್ಲದಕ್ಕೂ ತಲೆಯಾಡಿಸಿದರು. ನಾನು ನಕ್ಷೆ ಬರೆದು, ಪ್ರಿಂಟ್ ತೆಗೆದು, ಹಲಗೆಗೆ ಅಂಟಿಸಿದೆ. ಯೋಜನೆ ಮುಗಿಯಿತು, ಇನ್ನು ಕಟ್ಟುವುದಷ್ಟೇ ಎಂದುಕೊಂಡೆ.

ಮಾರನೆಯ ಸಂಜೆ ಬಂದು ನೋಡಿದರೆ ಅಮ್ಮ ಕಲ್ಲಿದ್ದಲು ಕಟ್ಟೆಯನ್ನು ಒಯ್ದು ಶೆಡ್ಡಿನ ಬಾಗಿಲಿಗೆ ಅಡ್ಡ ಇಟ್ಟಿದ್ದಾಳೆ. ಒಂದೇ ಒಂದು ಎಂಜಿನ್ ಒಳಗೆ ಹೋಗುವ ಹಾಗಿಲ್ಲ. ಸರಿಪಡಿಸಿ, ನಕ್ಷೆ ತೋರಿಸಿ ವಿವರಿಸಿದೆ. "ಹೌದೇನೋ, ನನಗೆ ಹೀಗೇ ನೆನಪು" ಅಂದಳು. ಮತ್ತೆರಡು ದಿನಕ್ಕೆ ದುಂಡು ಕಟ್ಟೆ ನಮ್ಮ ಕ್ವಾರ್ಟರ್ಸ್ ಅಂಗಳಕ್ಕೆ ಬಂದಿತ್ತು. ಅದಾದ ಮೇಲೆ ನೀರಿನ ಕಂಬ ಹಳಿಯಿಂದ ದೂರ, ಎಂಜಿನ್‌ಗೆ ನೀರು ಎಟುಕದ ಮೂಲೆಯಲ್ಲಿ. ನಾನು ಸರಿ ಮಾಡುವುದು, ಅವಳು ಕೆಡಿಸುವುದು. ಅಕ್ಕಾ, ನಿನ್ನ ಮದುವೆಯ ದಿನ ನಿನ್ನ ಅತ್ತೆ ಉಟ್ಟಿದ್ದ ಸೀರೆಯ ಅಂಚಿನ ಬಣ್ಣವನ್ನೂ ಹೇಳಬಲ್ಲವಳು ಅಮ್ಮ. ಆ ಶೆಡ್ಡಿಗೆ ಎದುರಾಗಿದ್ದ ಅಡುಗೆಮನೆಯ ಕಿಟಕಿಯಲ್ಲಿ ನಿಂತೇ ನಮ್ಮಿಬ್ಬರನ್ನೂ ಬೆಳೆಸಿದವಳು. ಅವಳಿಗೆ ಇದು ಮರೆತುಹೋಯಿತು ಅಂದರೆ? ಒಬ್ಬರಿಗೆ ಮಾತು ಹೋಯಿತು, ಇನ್ನೊಬ್ಬರಿಗೆ ನೆನಪು ಹೋಗುತ್ತಿದೆ ಎಂದುಕೊಂಡೆ. ಕಾರ್ಖಾನೆಯಲ್ಲಿ ಕೆಲಸದ ನಡುವೆ ಅದೇ ಯೋಚನೆ. ನಿನಗೆ ಹೇಳಲು ಎಷ್ಟೋ ಸಲ ಫೋನ್ ತೆಗೆದು ಇಟ್ಟಿದ್ದೇನೆ.

ಮಾದರಿ ಎಂಜಿನ್ ಕೊಳ್ಳೋಣ ಎಂಬ ನೆಪ ಮಾಡಿ ಅಮ್ಮನನ್ನು ಅಹಮದಾಬಾದಿಗೆ ಕರೆದುಕೊಂಡು ಹೋದೆ. ಪೂರ್ವಿ ರಜೆ ಹಾಕಿ ಅಪ್ಪನ ಜೊತೆ ಉಳಿದಳು. ಮೊದಲು ಒಬ್ಬ ನರರೋಗದ ಡಾಕ್ಟರ ಬಳಿ ಹೋದೆವು. ನನ್ನ ತಲೆನೋವಿಗೆ ಎಂದು ಹೇಳಿ ಒಳಗೆ ಕರೆದುಕೊಂಡು ಹೋಗಿ, ಅಲ್ಲಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆ. ಅವಳು ನನ್ನ ಮುಖ ನೋಡಿದಳು. ಡಾಕ್ಟರು ಕೇಳಿದ ತಾರೀಕು, ಲೆಕ್ಕ, ಹೆಸರು ಎಲ್ಲವನ್ನೂ ತನ್ನ ಅರೆಬರೆ ಹಿಂದಿಯಲ್ಲಿ ತಡವರಿಸದೆ ಹೇಳಿದಳು. ಗಡಿಯಾರದ ಚಿತ್ರ ಬರೆಯಿರಿ ಎಂದರೆ ಚೊಕ್ಕವಾಗಿ ಬರೆದುಕೊಟ್ಟಳು. ತಾಯಿಗೆ ಏನೂ ಆಗಿಲ್ಲ, ನೀವೇ ಸ್ವಲ್ಪ ನಿದ್ದೆ ಮಾಡಿ ಎಂದರು ಡಾಕ್ಟರು. ಹೊರಗೆ ಬಂದಾಗ ಅಮ್ಮ "ಕೇಳಿದ್ದರೆ ಮನೆಯಲ್ಲೇ ಹೇಳ್ತಿದ್ದೆನಲ್ಲೋ" ಎಂದಳು, ಅಷ್ಟೇ. ಆಮೇಲೆ ಮಯೂರ್ ಭಾಯಿ ಎಂಬುವರ ಅಂಗಡಿಯಲ್ಲಿ ಕಪ್ಪು ಎಂಜಿನ್ ಒಂದನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ ಆರಿಸಿದಳು. ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಆ ಎಂಜಿನ್ ಹಳಿ ಬಿಟ್ಟು ಕಲ್ಲಿದ್ದಲು ಕಟ್ಟೆಯ ನೆತ್ತಿಯ ಮೇಲೆ ಕುಳಿತಿತ್ತು. ಡಾಕ್ಟರು ಹೇಳಿದ್ದನ್ನು ನಂಬಲೋ, ಕಣ್ಣೆದುರಿನದನ್ನು ನಂಬಲೋ ತಿಳಿಯಲಿಲ್ಲ.

ಹೋದ ತಿಂಗಳ ಕೊನೆಯಲ್ಲಿ ಕಾರ್ಖಾನೆಯ ಟ್ರಾನ್ಸ್‌ಫಾರ್ಮರ್ ಕೆಟ್ಟು ಎಲ್ಲರನ್ನೂ ಮಧ್ಯಾಹ್ನವೇ ಮನೆಗೆ ಕಳಿಸಿದರು. ನನ್ನ ಬಳಿ ಇದ್ದ ಕೀಲಿಯಿಂದ ಬಾಗಿಲು ತೆಗೆದೆ. ಹಾಲಿನ ಪರದೆ ಎಳೆದಿತ್ತು, ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ. ಅಮ್ಮ ಮೇಜಿನ ಪಕ್ಕ ನಿಂತಿದ್ದಾಳೆ, ಅಪ್ಪ ಕುರ್ಚಿಯಲ್ಲಿ. "ಬೂದಿಗುಂಡಿ ಶೆಡ್ಡಿನ ಹಿಂದೆ ಇತ್ತು, ನಾನು ಕಣ್ಣಾರೆ ನೋಡಿದ್ದೀನಿ" ಎಂದು ಅಮ್ಮ ದಬಾಯಿಸುತ್ತಿದ್ದಳು. ಅಪ್ಪನ ಮುಖ ಕೆಂಪೇರಿತ್ತು. ಎಡಗೈಯಿಂದ ಕುರ್ಚಿಯ ತೋಳನ್ನು ಗುದ್ದುತ್ತಿದ್ದರು. ನಾನು ಓಡಿ ಹೋಗಿ ಹಿಡಿದುಕೊಳ್ಳಬೇಕೆಂದು ಹೆಜ್ಜೆ ಎತ್ತಿದೆ. ಅಷ್ಟರಲ್ಲಿ ಅವರು "ಅಲ್ಲ" ಎಂದರು. ತೊದಲು ಇತ್ತು, ಆದರೆ ಮಾತೇ ಅದು. "ಮತ್ತೆ ಎಲ್ಲಿತ್ತು?" ಅಂದಳು ಅಮ್ಮ, ಒಂದಿಷ್ಟೂ ಬಿಟ್ಟುಕೊಡದೆ. ಅಪ್ಪ ಬಹಳ ಹೊತ್ತು ಬಾಯಿ ಆಡಿಸಿದರು. ಅಮ್ಮ ಕಾದಳು, ಸಹಾಯಕ್ಕೆ ಹೋಗಲಿಲ್ಲ. ಕೊನೆಗೆ "ಮುಂದೆ... ಬೂದಿ ಮುಂದೆ... ಮೊದ್ಲು ಬೂದಿ" ಎಂದು ಹೊರಬಂತು. ಅಮ್ಮ ಹಲಗೆಯ ಕಡೆ ತಿರುಗಿ, ನಕ್ಷೆಯ ಮೇಲೆ ಸೀಮೆಸುಣ್ಣದಲ್ಲಿ ತಾನೇ ಹಾಕಿದ್ದ ಗುಂಡಿಯ ಗುರುತನ್ನು ಒರೆಸಿ ಮುಂದಕ್ಕೆ ಬರೆದಳು. ದನಿ ಮಾತ್ರ ಹಾಗೇ ಬಿರುಸು. "ಸರಿ, ನೀವು ಹೇಳಿದ್ದೇ ಆಗಲಿ" ಎಂದಳು. ನಾನು ಬಂದ ಹಾಗೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಎಷ್ಟು ಹೊತ್ತು ಕುಳಿತೆನೋ, ಎದುರು ಫ್ಲಾಟಿನವರು ಕೀಲಿ ಕಳೆದುಕೊಂಡಿರಾ ಎಂದು ಕೇಳಿದರು.

ಆಮೇಲೆ ಅಡುಗೆಮನೆಯಲ್ಲಿ ಅಮ್ಮನನ್ನು ಕೇಳಿದೆ. ಎಲ್ಲಾ ಗೊತ್ತಿದ್ದೂ ತಪ್ಪು ಇಡುತ್ತಿದ್ದೀಯಾ ಎಂದೆ. ಅವಳು ತೊಗರಿಬೇಳೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಎಲ್ಲಾ ಸರಿಯಾಗಿದ್ದರೆ ನಿಮ್ಮಪ್ಪ ಬಾಯಿ ಯಾಕೆ ಬಿಡಬೇಕು ಹೇಳು" ಎಂದಳು. ಮನಸ್ವಿನಿಗೆ ಶೆಡ್ ಬರೆದು ತೋರಿಸುವಾಗ ಒಂದು ಗೆರೆ ನಿಜವಾಗಿಯೇ ತಪ್ಪಿತಂತೆ. ಅಷ್ಟು ತಿಂಗಳಲ್ಲಿ ಮೊದಲ ಸಲ ಅಪ್ಪನ ಬಾಯಿಂದ "ಅಲ್ಲ" ಬಂದದ್ದು ಆಗ. ಅಂದಿನಿಂದ ಮಧ್ಯಾಹ್ನ ನಾವೆಲ್ಲ ಹೊರಗಿರುವಾಗ ದಿನಾ ಒಂದು ತಪ್ಪು. ನನಗೆ ಯಾಕೆ ಹೇಳಲಿಲ್ಲ ಎಂದರೆ, "ನೀನು ಬಂದು ಸರಿ ಮಾಡಿಬಿಡ್ತೀಯ, ಆಮೇಲೆ ಸರಿಯಾದದ್ದೇ ಉಳಿಯುತ್ತೆ" ಎಂದಳು. ಈಗ ಅಪ್ಪನ ಬಳಿ ಬೂದಿ, ನೀರು, ಆ ಕಡೆ, ಹಿಂದೆ, ಮೊದ್ಲು, ನಿಲ್ಸು ಎಂಬ ಮಾತುಗಳಿವೆ. ಒಂದು ದಿನ "ಬುದ್ಧಿ ಇಲ್ಲ ನಿಂಗೆ" ಎಂದು ಪೂರಾ ಬೈದರಂತೆ. ಅಮ್ಮ ಇದನ್ನು ಹೇಳುವಾಗ ಯಾರೋ ಅವಳಿಗೆ ಪ್ರಶಸ್ತಿ ಕೊಟ್ಟ ಹಾಗಿತ್ತು.

ಇಷ್ಟು ತಿಳಿದ ಮೇಲೆ ನನ್ನ ಗೊಂದಲ ಹೋಗಬೇಕಿತ್ತು. ಹೋಗಿಲ್ಲ. ಅಪ್ಪನ ಬಿ.ಪಿ. ನಿನಗೆ ಗೊತ್ತೇ ಇದೆ. ಕಾಯಿಲೆಯವರನ್ನು ದಿನಾ ಸಿಟ್ಟಿಗೆಬ್ಬಿಸುವುದು ಸರಿಯೇ? ಫತೇಗಂಜಿನ ಆ ಹುಡುಗಿಯ ಬಳಿ ನಾನೊಬ್ಬನೇ ಹೋಗಿ ಕೇಳಿದೆ. ಅವಳು ಮೊದಲು ಜೋರಾಗಿ ನಕ್ಕಳು. ಆಮೇಲೆ, ಆಯಾಸ ಕಂಡರೆ ನಿಲ್ಲಿಸಿ, ಬಿ.ಪಿ. ನೋಡುತ್ತಿರಿ, ಆದರೆ ಪೂರ್ತಿ ಬಿಡಬೇಡಿ ಎಂದಳು. ಮತ್ತೂ ಒಂದು ಸಂಗತಿ ಇದೆ. ನಿನ್ನೆ ಗೋಕುಲಾಷ್ಟಮಿ, ಎಲ್ಲರೂ ಮನೆಯಲ್ಲಿದ್ದೆವು. ಕೆಳಗೆ ಸೊಸೈಟಿಯ ಮಕ್ಕಳು ಮಡಕೆ ಒಡೆಯುವುದನ್ನು ನೋಡಲು ಬಾಲ್ಕನಿಯಲ್ಲಿ ನಿಂತಿದ್ದೆವು. ತಿರುಗಿ ನೋಡಿದರೆ ಅಪ್ಪ ತಾವೇ ಎದ್ದು ಮೇಜಿನ ಹತ್ತಿರ ಹೋಗಿದ್ದಾರೆ. ಎಡಗೈಯಿಂದ ಎಂಜಿನ್ ಎತ್ತಿ ನಮ್ಮ ಕ್ವಾರ್ಟರ್ಸ್ ಎಂದು ಇಟ್ಟಿದ್ದ ಡಬ್ಬದ ಮೇಲೆ ಇಟ್ಟರು. ಇಟ್ಟು ಅಮ್ಮನ ಮುಖ ನೋಡುತ್ತಾ ನಿಂತರು. ಅಮ್ಮ ಅದೇ ಬಿರುಸಿನಲ್ಲಿ, "ಎಂಜಿನ್ ಅಡುಗೆಮನೆಗೆ ಬರುತ್ತೇನ್ರೀ?" ಎಂದಳು. ಅಪ್ಪ "ಬರುತ್ತೆ" ಎಂದರು. ಇಬ್ಬರೂ ಗಂಭೀರವಾಗಿಯೇ ಇದ್ದರು, ನಗಲಿಲ್ಲ. ಅಪ್ಪನಿಗೆ ಎಲ್ಲವೂ ಗೊತ್ತೇ? ಮೊದಲಿನಿಂದಲೂ ಗೊತ್ತಿತ್ತೇ, ಈಗ ತಿಳಿಯಿತೇ, ಅಥವಾ ನಿಜವಾಗಿಯೂ ಅವರ ತಲೆಯಲ್ಲಿ ಎಲ್ಲಾ ಕಲಸಿಹೋಗಿದೆಯೇ? ಯಾರು ಯಾರನ್ನು ಆಟ ಆಡಿಸುತ್ತಿದ್ದಾರೆ ಎಂದು ನನಗೆ ಅರ್ಥವಾಗುತ್ತಿಲ್ಲ. ಅಮ್ಮನನ್ನು ಕೇಳಿದರೆ ಬೇರೆ ಮಾತು ತೆಗೆಯುತ್ತಾಳೆ. ನಾನು ಅಂಟಿಸಿದ್ದ ನಕ್ಷೆಯನ್ನು ಕಿತ್ತುಹಾಕಿದ್ದೇನೆ. ಇನ್ನು ಹಲಗೆಯ ಮೇಲೆ ಅಂಟು ಹಾಕುವುದಿಲ್ಲ, ಸೀಮೆಸುಣ್ಣವೇ ಸಾಕು ಎಂದು ಪೂರ್ವಿಗೂ ಹೇಳಿದ್ದೇನೆ.

ಪ್ರವೀಣ್ ಭಾವನಿಗೆ ನನ್ನ ನಮಸ್ಕಾರ ತಿಳಿಸು. ಪೂರ್ವಿ ನಿನ್ನನ್ನು ಬಹಳ ಕೇಳಿದಳು. ಮನಸ್ವಿನಿ ತಾನೂ ಕನ್ನಡದಲ್ಲಿ ಒಂದು ಸಾಲು ಬರೆಯುತ್ತೇನೆಂದು ಕುಳಿತು "ಅತ್ತೆ" ಎಂದಷ್ಟು ಬರೆದು ಎದ್ದುಹೋದಳು, ಅದು ಮೇಲಿನ ಮೂಲೆಯಲ್ಲಿದೆ. ಮಳೆಯಲ್ಲಿ ಓಡಾಡುವಾಗ ಕಾಲಿನ ಮೇಲೆ ನಿಗಾ ಇರಲಿ.

ನಿನ್ನ ತಮ್ಮ,
ಕಿರಣ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಮ್ಮನಿಗೆ ಹೊಟ್ಟೆನೋವು ಬರುತ್ತಿತ್ತು, ಮುಚ್ಚಿಟ್ಟಿದ್ದಳು. ಪೂರ್ವಿ ವಾರದ ಹಿಂದೆ ಸ್ಕ್ಯಾನ್ ಮಾಡಿಸಿದಳು. ಪಿತ್ತಕೋಶದ ತುಂಬಾ ಕಲ್ಲು. ಆಪರೇಷನ್ ಬೇಗ ಆಗಲೇಬೇಕು, ಆಮೇಲೆ ಕೆಲವು ವಾರ ವಿಶ್ರಾಂತಿ. ಅವಳು ಒಪ್ಪುತ್ತಿಲ್ಲ. ಮಧ್ಯಾಹ್ನ ಅಪ್ಪನ ಹತ್ತಿರ ಯಾರು ಕೂರುತ್ತಾರೆ ಎಂದು ಹಟ. ನಾನು ಕೂರುತ್ತೇನೆ ಎಂದು ರಜೆ ಹಾಕಿ ಕೂತು ನೋಡಿದೆ. ನೀರಿನ ಕಂಬವನ್ನು ತಪ್ಪಾಗಿಟ್ಟು ಕಾದೆ. ಅಪ್ಪ ನೋಡಿ, ಮೆಲ್ಲಗೆ ನನ್ನ ಕೈ ತಟ್ಟಿ, ಕಣ್ಣು ಮುಚ್ಚಿಕೊಂಡರು. ನನ್ನ ಮೇಲೆ ಅವರಿಗೆ ಯಾವತ್ತೂ ಸಿಟ್ಟು ಬಂದಿಲ್ಲ ಅಕ್ಕಾ. ಈ ಮನೆಯಲ್ಲಿ ಅವರು ಸರಿಸಮ ಜಗಳವಾಡಿದ್ದು ಅಮ್ಮನ ಜೊತೆ ಮತ್ತು ನಿನ್ನ ಜೊತೆ ಮಾತ್ರ. ರಜೆ ಹಾಕು. ಬಾ. ಬಂದು ಜಗಳ ಆಡು.